ಆ ಗುಂಡು ನಾನು ಹಾರಿಸಲಿಲ್ಲ

ಅಪ್ಪ ತೀರಿಕೊಂಡ ಮೇಲೆ ಬೆಳೆ ಕಾಯುವ ಬಂದೂಕಿನ ಲೈಸೆನ್ಸು ನನ್ನ ಹೆಸರಿಗೆ ಬಂತು. ಒಂಟಿ ನಳಿಕೆಯದು, ಛರ್ರಾ, ಅಂದರೆ ಚದುರಿ ಹಾರುವ ಸಣ್ಣ ಸೀಸದ ಗುಂಡು, ತುಂಬಿದ ತೋಟಾ ಹಾಕುವಂಥದು. ಭೂಸನೂರಿನ ನಮ್ಮ ಕಬ್ಬಿಗೆ ಹಂದಿ ನುಗ್ಗಿದಾಗ ಆಕಾಶಕ್ಕೊಂದು ಗುಂಡು ಹಾರಿಸಿ ಬೆದರಿಸುತ್ತಿದ್ದೆ, ಅಷ್ಟೇ. ಒಮ್ಮೆ ಬೇವಿನ ಕೊಂಬೆಗೆ ಹಳೆಯ ಗಡಿಗೆ ತೂಗುಹಾಕಿ ಗುರಿಯಿಟ್ಟು ಹೊಡೆದಿದ್ದೆ. ಗಡಿಗೆಗೆ ಏನೂ ಆಗಲಿಲ್ಲ. ಅದರಿಂದ ಮಾರು ದೂರವಿದ್ದ ಪಂಪ್‌ಮನೆಯ ತಗಡಿನ ಬಾಗಿಲು ಜರಡಿಯಾಗಿತ್ತು. ಅಪ್ಪನ ಗುರಿ ನನಗೂ ಬಂದಿದೆ ಎಂದು ಊರವರು ನಂಬಿದ್ದರು. ಬಂದಿಲ್ಲವೆಂದು ನನಗೆ ಅವತ್ತೇ ತಿಳಿದಿತ್ತು.

ಹೋದ ವರ್ಷದ ಕಟಾವಿನಲ್ಲಿ ಕಬ್ಬು ಕಡಿಯುತ್ತ ಕಡಿಯುತ್ತ ಬಾವಿಯ ಮಗ್ಗುಲಿಗೆ ಒಂದು ಸಣ್ಣ ತುಂಡು ಉಳಿಯಿತು. ನಾಲ್ಕೂ ಕಡೆಯಿಂದ ಹಿಂದೆ ಸರಿಯುತ್ತ ಬಂದ ದೊಡ್ಡ ಗಂಡುಹಂದಿಯೊಂದು ಅದರೊಳಗೆ ಸಿಕ್ಕಿಬಿದ್ದಿತ್ತು. ನಮ್ಮ ನಾಯಿ ಬೊಗಳುತ್ತ ಒಳಗೆ ನುಗ್ಗಿತು. ಒಂದೇ ಚೀರು. ಹೊರಬಂದ ನಾಯಿ ತನ್ನ ಕರುಳನ್ನು ತಾನೇ ತುಳಿಯುತ್ತ ಸ್ವಲ್ಪ ನಡೆದು ಬಿತ್ತು. ಕಡಿಯುವವರು ಕಬ್ಬಿನ ಕತ್ತಿ, ಕೊಯ್ತಾ ಹಿಡಿದು ಸುತ್ತ ನಿಂತರು. ಅವರ ಹಿಂದೆ ಕಡಿದ ಕಬ್ಬಿನ ಸಿವುಡು ಕಟ್ಟುತ್ತಿದ್ದ ಹೆಂಗಸರು.

ನಾನು ತೋಟಾ ತುಂಬಿದೆ. ಪಕ್ಕದಲ್ಲಿ ನನ್ನ ಹೆಂಡತಿಯ ತಮ್ಮ ಇದ್ದ, ಅತನೂರಿನಿಂದ ಅವತ್ತು ಬೆಳಿಗ್ಗೆಯಷ್ಟೇ ಬಂದವನು. ಗಟ್ಟಿ ಆಳು, ಸಿಟ್ಟೂ ಅಷ್ಟೇ ಗಟ್ಟಿ.

ಹಂದಿ ಬಯಲಿಗೆ ಬಂತು. ಮೂತಿಯೆಲ್ಲ ನಾಯಿಯ ರಕ್ತ. ಅದು ಅತ್ತ ನುಗ್ಗಿದರೆ ಅತ್ತಲಿನವರು ಓಡುತ್ತಿದ್ದರು, ಇತ್ತ ತಿರುಗಿದರೆ ಇತ್ತಲಿನವರು.

“ಹೊಡೀರಿ ಮಾಮಾ! ಏನ್ ನೋಡಾಕತ್ತೀರಿ?”

ಬಂದೂಕನ್ನು ಹೆಗಲಿಗೆ ಆನಿಸಿದೆ. ನಳಿಕೆಯ ತುದಿಯಲ್ಲಿ ಹಂದಿ ಕಂಡಿತು. ಅದರ ಬೆನ್ನಿನಾಚೆ ಒಬ್ಬಳ ಕೆಂಪು ಸೀರೆ ಕಂಡಿತು. ಹಂದಿ ತಿರುಗಿತು, ನಾನೂ ತಿರುಗಿದೆ. ಈಗ ಅದರ ಹಿಂದೆ ಇಬ್ಬರು ಗಂಡಸರು. ನನ್ನ ಕೈ ನಡುಗುತ್ತಿರಲಿಲ್ಲ, ಅದು ನೆನಪಿದೆ. ಅಲುಗದ ಗಡಿಗೆಗೆ ಹೊಡೆಯಲಾರದವನು ಓಡುವ ಹಂದಿಗೆ ಹೊಡೆದರೆ ಛರ್ರಾ ಯಾರ ಮೈಗೆ ಹೋಗುತ್ತದೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಳಿಕೆ ಇಳಿಸಿದೆ.

“ನನ್ನ ಕೈಲೆ ಆಗಂಗಿಲ್ಲಪಾ. ಸುತ್ತ ಮಂದಿ ಅದಾರ.”

“ಹಂಗಾರ ನನಗ ಕೊಡ್ರಿ!”

ಅವನು ನಳಿಕೆಗೆ ಕೈ ಹಾಕಿದ. ನಾನು ಬಿಡಲಿಲ್ಲ. ಇಬ್ಬರೂ ಕಡಿದ ಕಬ್ಬಿನ ಕೂಳೆಯ ಮೇಲೆ ಉರುಳಿದೆವು. ಅವನ ಮೊಣಕೈ ನನ್ನ ಬಾಯಿಗೆ ಬಡಿದು ಹಲ್ಲೊಂದು ಮುರಿಯಿತು. ನಾನು ಬಂದೂಕಿನ ಹಿಡಿಯಿಂದ ಅವನ ಪಕ್ಕೆಗೆ ಗುದ್ದಿ ಬಿಡಿಸಿಕೊಂಡೆ. ನಳಿಕೆ ಮಡಚಿ ತೋಟಾ ತೆಗೆದು ಬಾವಿಗೆ ಎಸೆದುಬಿಟ್ಟೆ. ಅವನಂತೂ ಜೀವಮಾನದಲ್ಲಿ ಬಂದೂಕು ಮುಟ್ಟಿದವನೇ ಅಲ್ಲ.

“ಥೂ! ಬಳಿ ತೊಟ್ಕೋರಿ,” ಎಂದವನೇ ಬಾವಿಕಟ್ಟೆಗೆ ಒರಗಿಸಿದ್ದ ಕೊಡಲಿ ಎತ್ತಿಕೊಂಡು ಹಂದಿಯ ಮೇಲೆ ಹೋದ.

ಮೊದಲ ಏಟು ಅದರ ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಹಂದಿ ಬಿಡಲಿಲ್ಲ. ತಲೆ ತಗ್ಗಿಸಿ, ಮೇಲೆತ್ತಿತು. ಮೊಣಕಾಲಿನಿಂದ ತೊಡೆಯವರೆಗೆ ಅವನ ಪ್ಯಾಂಟು, ಚರ್ಮ, ಮಾಂಸ ಒಟ್ಟಿಗೇ ಸೀಳಿದವು. ಅವನು ಬಿದ್ದ ಮೇಲೂ ಅದು ತಿವಿಯುತ್ತಲೇ ಇತ್ತು. ಆಗ ಕಡಿಯುವವರೆಲ್ಲ ಒಮ್ಮೆಲೇ ಮುಗಿಬಿದ್ದರು. ಕಬ್ಬು ಕಡಿಯುವ ಕೈಗಳೇ, ಕಬ್ಬು ಕಡಿದಂತೆಯೇ ಕಡಿದವು. ಹಂದಿಯ ಚೀರಾಟ ನಿಂತ ಮೇಲೂ ಕೊಯ್ತಾಗಳು ನಿಲ್ಲಲಿಲ್ಲ.

ನಾನು ಟವೆಲ್ಲಿನಿಂದ ಅವನ ತೊಡೆ ಬಿಗಿದೆ. ರಕ್ತ ಬೆರಳ ಸಂದಿನಿಂದ ಬಿಸಿಯಾಗಿ ಸೋರುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಆಳಂದಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕಲಬುರಗಿಗೆ. ಜೀವ ಉಳಿಯಿತು, ಕಾಲೂ ಉಳಿಯಿತು. ಮೊಣಕಾಲು ಮಾತ್ರ ಇನ್ನು ಮಡಚುವುದಿಲ್ಲ.

ಆಸ್ಪತ್ರೆಯ ಹೊರಗೆ ಹೆಂಡತಿ ನನ್ನ ಅಂಗಿಯ ಎದೆ ಹಿಡಿದು ಜಗ್ಗಿದಳು. “ಕೈಯಾಗ ಬಂದೂಕ ಇಟ್ಕೊಂಡು ನನ್ನ ತಮ್ಮನ್ನ ಹಂದಿ ಬಾಯಿಗೆ ಕೊಟ್ರಿ!” ಎಂದು ಎರಡೂ ಕೈಯಿಂದ ಬಡಿದಳು. ಗಡಿಗೆಯ ವಿಷಯ ಹೇಳಿದೆ. ಆಕೆ ನಂಬಲಿಲ್ಲ, ಹೆದರಿದೆನೆಂದೇ ತಿಳಿದಳು. ಊರೂ ಹಾಗೇ ತಿಳಿಯಿತು. ಮರುವಾರ ಬಂದೂಕನ್ನೂ ಲೈಸೆನ್ಸನ್ನೂ ಠಾಣೆಗೆ ಒಪ್ಪಿಸಿ ಬಂದೆ.

ಮೊನ್ನೆ ಜೇವರ್ಗಿಯ ಮದುವೆಯೊಂದರಲ್ಲಿ ಹೆಂಡತಿಯ ತಮ್ಮನ ಪಕ್ಕದಲ್ಲೇ ಊಟಕ್ಕೆ ಕೂರಬೇಕಾಯಿತು. ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಎಲೆ ನೋಡುತ್ತಲೇ ಕೇಳಿದ:

“ಅವತ್ತ ಹೊಡೆದಿದ್ರ ಹಂದಿಗಿ ತಾಗ್ತಿತ್ತೇನ್ರಿ, ಮಾಮಾ?”

“ತಾಗಿದ್ರೂ ತಾಗ್ತಿತ್ತು. ಯಾರಿಗಿ ತಾಗ್ತಿತ್ತು ಅಂತ ನನಗ ಗೊತ್ತಿದ್ದಿಲ್ಲ.”

ಅವನು ಬಡಿಸುವವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.