ದುಂಡಕ್ಕನ ದನಿ

ತನ್ನ ಹಾಡು ಎಲ್ಲಾದರೂ ಗ್ರಾಮಫೋನಿನ ಪ್ಲೇಟಿನಲ್ಲಿ ಕೇಳಿಸಿದರೆ ಸಾಕು, ದುಂಡಕ್ಕನ ಬಾಯಿ ಕಟ್ಟುತ್ತಿತ್ತು. ಮಾತಾಡುತ್ತಿದ್ದವಳು ಅರ್ಧಕ್ಕೆ ನಿಲ್ಲುತ್ತಿದ್ದಳು. ತುಟಿ ಆಡುತ್ತಿದ್ದವು, ದನಿ ಹೊರಡುತ್ತಿರಲಿಲ್ಲ. ಪ್ಲೇಟು ಮುಗಿದು ಮುಳ್ಳು ಎತ್ತಿದ ಮೇಲೆ ಬಿಟ್ಟ ಮಾತನ್ನೇ ಹಿಡಿದು ಮುಂದುವರಿಸುತ್ತಿದ್ದಳು. ಮೊದಲ ಸಲ ನೋಡಿದಾಗ ಇದೆಲ್ಲ ಸೋಗು ಎಂದುಕೊಂಡೆ. ಆಮೇಲೊಮ್ಮೆ ಕೌಜಲಗಿಯ ಚಹಾದಂಗಡಿಯಲ್ಲಿ, ಹಾಡುಹಗಲೇ, ಅವಳ ಕುತ್ತಿಗೆಯ ನರ ಉಬ್ಬಿದ್ದನ್ನು ಹತ್ತಿರದಿಂದ ಕಂಡೆ. ಸೋಗಲ್ಲವೆಂದು ಆಗ ಗೊತ್ತಾಯಿತು.

ಮೊದಲು ನಾವಿಬ್ಬರೂ ಒಂದು ನಾಟಕ ಕಂಪನಿಯಲ್ಲಿದ್ದೆವು. ಅವಳು ಹಾಡುವವಳು, ನಾನು ಹಾರ್ಮೋನಿಯಂ ಪೇಟಿ ಬಾರಿಸುವವನು. ಮಾಲಕ ನಮ್ಮನ್ನು ಮುಂಬೈಗೆ ಕರೆದೊಯ್ದು ಅವಳದೊಂದು ಹಾಡನ್ನು ಪ್ಲೇಟು ಮಾಡಿಸಿದ. ಪ್ಲೇಟು ಬಂದಾಗ ನಡುವಿನ ಕಾಗದದ ಮೇಲೆ ಅವನ ಕಂಪನಿಯ ಹೆಸರಿತ್ತು, ಇವಳದಿರಲಿಲ್ಲ. ಸಾಲದ್ದಕ್ಕೆ, ತನ್ನ ಅಪ್ಪಣೆ ಇಲ್ಲದೆ ಆ ಹಾಡನ್ನು ಇವಳು ಎಲ್ಲೂ ಹಾಡಕೂಡದೆಂದ.

"ಹಾಡು ನಂದು, ಗಂಟಲಾ ನಂದು. ಇದರಾಗ ನಿಮ್ಮದೇನೈತ್ರಿ?" ಎಂದವಳೇ ಅವತ್ತೇ ಹೊರಬಿದ್ದಳು. ನಾನೂ ಪೇಟಿ ಹೊತ್ತುಕೊಂಡು ಹಿಂದೆ ಹೋದೆ.

ಸ್ವಂತ ಮೇಳ ಕಟ್ಟಿದಳು. ಹೆಂಗಸು ಮೇಳ ನಡೆಸುತ್ತಾಳೆಯೇ ಎಂದು ನಕ್ಕವರೇ ಬಂಡಿ ಕಟ್ಟಿಕೊಂಡು ಬಂದು ಕೂತು ಕೇಳಿದರು. ಆಟಕ್ಕೆ ಕರೆಯಲು ಬಂದವರು ಎಲೆ ಅಡಿಕೆ ಇಟ್ಟು ವೀಳ್ಯ ಕೊಡುವುದು ನಮ್ಮ ಕಡೆಯ ರೂಢಿ. ದುಂಡಕ್ಕ ಅದನ್ನೇ ಬದಲಿಸಿದಳು.

"ವೀಳ್ಯ ಬ್ಯಾಡ್ರಿ. ನಿಮ್ಮೂರಾಗ ನನ್ನ ಪ್ಲೇಟ್ ಇದ್ರ ಅದನ್ನ ತರ್ರಿ. ನಾನ ಬಂದು ಹಾಡ್ತೇನಿ."

ಆ ಪ್ಲೇಟು ನಮ್ಮ ಸೀಮೆ ಬಿಟ್ಟು ಬೇರೆಲ್ಲೂ ಮಾರಾಟವಾಗಿರಲಿಲ್ಲ. ನಾಗನೂರಿನಿಂದ ಬಂತು, ಮೂಡಲಗಿಯಿಂದ ಬಂತು. ಬಂದದ್ದನ್ನು ಕಲ್ಲಿನ ಮೇಲಿಟ್ಟು ಒಡೆಯುತ್ತಿದ್ದಳು. ಖರೆ ಹೇಳುತ್ತೇನೆ, ಒಂದೊಂದು ಒಡೆದಂತೆ ಅವಳ ದನಿ ತುಂಬುತ್ತ ಹೋಯಿತು. ಪೇಟಿಯಲ್ಲಿ ನಾನು ಶ್ರುತಿಯನ್ನು ಎರಡು ಮನೆ ಏರಿಸಿ ಬಾರಿಸಬೇಕಾಯಿತು.

ಒಂದನ್ನು ಮಾತ್ರ ನಾನು ಕೊಡಲಿಲ್ಲ. ಹುಕ್ಕೇರಿಯ ಸಾಹುಕಾರರೊಬ್ಬರು ಅವಳಿಗೆ ಮುಟ್ಟಿಸೆಂದು ನನ್ನ ಕೈಗಿತ್ತಿದ್ದ ಪ್ಲೇಟನ್ನು ಧೋತರದಲ್ಲಿ ಗಂಟು ಕಟ್ಟಿ ಟ್ರಂಕಿನ ತಳಕ್ಕಿಟ್ಟೆ. ಅವಳ ದನಿಯೆಂದರೆ ನನಗೆ ಪ್ರಾಣ. ಎಲ್ಲವನ್ನೂ ಒಡೆದುಬಿಟ್ಟರೆ ಅದು ಹೇಗಿತ್ತೆಂದು ನಾಳೆ ಯಾರಿಗೆ ಗೊತ್ತಾಗಬೇಕು? ಹೀಗಂದುಕೊಂಡೇ ಇಟ್ಟೆ. ಆಮೇಲೆ ಎಷ್ಟು ವರ್ಷ ಹಾಡಿದರೂ ಮೇಲಿನ ಒಂದು ಸ್ವರ ಅವಳಿಗೆ ದಕ್ಕಲಿಲ್ಲ. ಆ ಜಾಗ ಬಂದಾಗೆಲ್ಲ ನಾನು ತಲೆ ತಗ್ಗಿಸಿಕೊಂಡು ಬಾರಿಸುತ್ತಿದ್ದೆ.

ಕೊನೆಯ ಸಲ ಘೋಡಗೇರಿಯ ಮನೆಯಲ್ಲಿ ನೋಡಿದಾಗ ಹಾಸಿಗೆ ಹಿಡಿದಿದ್ದಳು.

"ತಮ್ಮಾ, ಎಲ್ಲೋ ಇನ್ನೊಂದು ಉಳದೈತಿ. ಅದು ನನ್ನ ಬಿಡವಲ್ದು," ಎಂದು ನನ್ನ ಮುಖವನ್ನೇ ನೋಡಿದಳು.

"ಎಲ್ಲಾ ಬಂದಾವಕ್ಕಾ," ಎಂದೆ. ಅಂಥ ಸುಳ್ಳನ್ನು ನಾನು ಮತ್ತೆಂದೂ ಹೇಳಿಲ್ಲ.

"ಹಂಗಾರ ನಾನ ಹುಡುಕ್ಕೋತೇನಿ," ಎಂದು ಗೋಡೆಯ ಕಡೆ ಹೊರಳಿದಳು.

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ಮಧ್ಯಾಹ್ನ, ಗೋಕಾಕಿನ ನನ್ನ ಕೋಣೆಯಲ್ಲಿ ಟ್ರಂಕು ತೆಗೆದೆ. ಧೋತರದ ಗಂಟು ಕಟ್ಟಿದಂತೆಯೇ ಇತ್ತು. ಬಾಜೂ ಮನೆಯಿಂದ ಫೋನೋ ತಂದು ಪ್ಲೇಟು ಹಚ್ಚಿದೆ. ಮೊದಲು ಮುಳ್ಳಿನ ಸರಸರ. ಆಮೇಲೆ ನನ್ನ ಪೇಟಿ, ನಿಚ್ಚಳವಾಗಿ. ಅವಳು ಹಾಡು ಎತ್ತಿಕೊಳ್ಳುವಲ್ಲಿ ಪೇಟಿ ದನಿ ತಗ್ಗಿಸಿತು. ಯಾರೂ ಎತ್ತಿಕೊಳ್ಳಲಿಲ್ಲ. ಪ್ಲೇಟು ಮುಗಿಯುವವರೆಗೂ ಪೇಟಿಯೊಂದೇ ನುಡಿಯುತ್ತಿತ್ತು, ನಡುನಡುವೆ ಅವಳಿಗೆ ಜಾಗ ಬಿಡುತ್ತ.