ಗ್ಲೌಸಿಗೆ ತೇಪೆ ಹಾಕುತ್ತಿದ್ದವಳು

ಅನುಭವ ಅನ್ನುವ ಪದ ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದ ಕಡೆಯ ರೈತರ ಮನೆಯ ಹುಡುಗಿ ನಾನು, ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ವಾರ್ಡ್ ನರ್ಸ್ ಆಗಿದ್ದೆ. ಆಪರೇಷನ್ ಥಿಯೇಟರ್ ಸೇರಬೇಕೆಂಬುದೊಂದೇ ಆಸೆ. ಆ ಒಂದು ಜಾಗದ ಮೇಲೆ ಎಲ್ಲರ ಕಣ್ಣೂ ಇತ್ತು. ಎರಡು ಸಲ ಅರ್ಜಿ ಕೊಟ್ಟೆ. ಎರಡು ಸಲವೂ ಥಿಯೇಟರ್ ಸಿಸ್ಟರ್ ಕೇಳಿದ್ದು ಒಂದೇ ಮಾತು: "ಅನುಭವ ಇದೆಯೇನಮ್ಮ?" ಒಳಗೇ ಬಿಡದಿದ್ದರೆ ಅನುಭವ ಎಲ್ಲಿಂದ ತರಲಿ, ಸಂತೆಯಿಂದಲೇ?

ಹೊರಗಿನ ಕೆಲಸಕ್ಕೆ ಮಾತ್ರ ನಾನು ಬೇಕಿತ್ತು. ಆಗ ರಬ್ಬರ್ ಗ್ಲೌಸನ್ನು ಒಂದು ಸಲ ಹಾಕಿ ಬಿಸಾಡುತ್ತಿರಲಿಲ್ಲ. ತೊಳೆದು, ನೀರು ತುಂಬಿ ಹಿಂಡಿ, ಎಲ್ಲಿ ಹನಿ ಜಿನುಗುತ್ತದೆಂದು ನೋಡಿ, ಹಳೆ ಗ್ಲೌಸಿನ ಚೂರು ಅಂಟಿಸಿ ತೇಪೆ ಹಾಕಬೇಕು. ವಾರ್ಡಿನ ಕೆಲಸ ಮುಗಿಸಿ ಥಿಯೇಟರ್ ಬಾಗಿಲ ಪಕ್ಕದ ಬೆಂಚಿನಲ್ಲಿ ಎರಡು ವರ್ಷ ಅದನ್ನೇ ಮಾಡಿದೆ. ಕತ್ತರಿ, ಇಕ್ಕಳ ಕುದಿಸುತ್ತಿದ್ದವಳೂ ನಾನೇ. ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ, ಯಾವುದರ ನಂತರ ಯಾವುದನ್ನು ಕೊಡುತ್ತಾರೆಂದು ನೋಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಚಿಂತಾಮಣಿ ಕಡೆಯಿಂದ ಬಸುರಿಯೊಬ್ಬಳನ್ನು ತಂದರು. ತಕ್ಷಣ ಹೊಟ್ಟೆ ಕೊಯ್ದು ಮಗು ತೆಗೆಯಬೇಕಿತ್ತು. ಥಿಯೇಟರ್ ಸಿಸ್ಟರ್ ಗೌರಿಬಿದನೂರಿಗೆ ಮದುವೆಗೆ ಹೋಗಿದ್ದರು. ಡಾಕ್ಟರು ಬೆಂಚಿನ ಮೇಲಿದ್ದ ನನ್ನನ್ನೇ ಕರೆದರು, "ಕೈ ತೊಳ್ಕೊಂಡು ಬಾಮ್ಮ."

"ಅಮ್ಮಾ, ನನ್ನು ವದಿಲಿ ಪೋವದ್ದು" ಎಂದು ಆಕೆ ತೆಲುಗಿನಲ್ಲಿ ಗೋಗರೆದಳು.

"ನಿನ್ನ ಬಿಟ್ಟು ಎಲ್ಲೂ ಹೋಗಲ್ಲ ಕಣಮ್ಮ" ಅಂದೆ. ಡಾಕ್ಟರು ಕೇಳುವ ಮೊದಲೇ ಕತ್ತರಿ ಅವರ ಕೈಯಲ್ಲಿರುತ್ತಿತ್ತು. ತಾಯಿ, ಮಗು ಇಬ್ಬರೂ ಉಳಿದರು.

ಮುಂದಿನ ತಿಂಗಳು ನನ್ನ ಮೂರನೆಯ ಸಂದರ್ಶನ. ಮತ್ತದೇ ಪ್ರಶ್ನೆ. ನಾನು ಆ ದಿನದ ಮಾತೆತ್ತಿದೆ. ಸಿಸ್ಟರ್, ಪ್ರತಿ ಆಪರೇಷನ್ನಿಗೆ ನಿಂತವರ ಹೆಸರು ಬರೆಯುವ ಥಿಯೇಟರ್ ಪುಸ್ತಕ ತೆರೆದು ತೋರಿಸಿದರು. ಆ ಆಪರೇಷನ್ನಿನ ಎದುರಿಗೆ ಅವರದೇ ಹೆಸರು! ಗೌರಿಬಿದನೂರಿನಲ್ಲಿ ಹೋಳಿಗೆ ತಿನ್ನುತ್ತಿದ್ದವರು ನಮ್ಮ ಪುಸ್ತಕದಲ್ಲಿ ಕತ್ತರಿ ಕೊಡುತ್ತಿದ್ದರು. "ಯಾರು ನಿಂತರೂ ನನ್ನ ಹೆಸರೇ ಬರೆಯೋದು, ಇಲ್ಲಿನ ವಾಡಿಕೆ" ಅಂದರು. ಅವತ್ತು ನನ್ನನ್ನು ಕರೆದಿದ್ದ ಡಾಕ್ಟರು ಪಕ್ಕದಲ್ಲೇ ಕೂತು ಮೇಜು ನೋಡುತ್ತಿದ್ದರು. ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಸಿಸ್ಟರ್ ಮೇಲೂ ಬರಲಿಲ್ಲ.

ಮರುದಿನದಿಂದ ನಾನು ಗ್ಲೌಸ್ ಮುಟ್ಟಲಿಲ್ಲ. ಇದ್ದಬದ್ದ ಜೊತೆಗಳು ಎರಡು ದಿನಕ್ಕೆ ಮುಗಿದವು. ಸಿಸ್ಟರೇ ತೇಪೆ ಹಾಕಲು ಕೂತರು, ತೇಪೆ ಕಿತ್ತು ಬಂತು. ಮೂರನೆಯ ಬೆಳಿಗ್ಗೆ ಡಾಕ್ಟರು ತೊಳೆದ ಕೈ ಎತ್ತಿ ಹಿಡಿದುಕೊಂಡೇ ವಾರ್ಡಿಗೆ ಬಂದರು. ಅವತ್ತಿನ ರೋಗಿ ಹರ್ನಿಯಾದವನು, ಒಂದು ದಿನ ಕಾಯಬಹುದಿತ್ತು. ಇಲ್ಲದಿದ್ದರೆ ನಾನು ಹಟ ಹಿಡಿಯುತ್ತಿರಲಿಲ್ಲ.

"ಏನಮ್ಮಾ ಇದು, ಗ್ಲೌಸ್ ಎಲ್ಲಿ?"

"ನಂಗೆ ಅನುಭವ ಇಲ್ಲ ಸಾರ್. ತೇಪೆ ಹಾಕ್ತಿದ್ದಿದ್ದು ನಾನು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ."

ಅವರು ಅಲ್ಲಿಂದಲೇ ಸಿಸ್ಟರನ್ನು ಕೂಗಿ ಕರೆದರು. ಆಮೇಲೆ ಪುಸ್ತಕ ತರಿಸಿದರು. ಸಿಸ್ಟರ್ ನನ್ನೆದುರಿಗೇ ತಮ್ಮ ಹೆಸರು ಹೊಡೆದುಹಾಕಿ, ಮೇಲೆ ಸಣ್ಣಕ್ಷರದಲ್ಲಿ ನನ್ನದನ್ನು ಬರೆದರು. ಖುಷಿಯಾಯಿತೇ ಎಂದು ಕೇಳುತ್ತಾರೆ. ಇಲ್ಲ. ನನ್ನದೇ ಹೆಸರನ್ನು ನಾನು ಜಗಳವಾಡಿ ಪಡೆಯಬೇಕಾಯಿತಲ್ಲ!

ನಾಲ್ಕು ಜೊತೆಗೆ ತೇಪೆ ಹಾಕಿ ಒಣಗಿಸಿದೆ. ಕ್ರಿಮಿ ಸಾಯುವಂತೆ ಹಬೆಯಲ್ಲಿ ಬೆಂದು ಬಂದ ಮೇಲೆ ಮೂರು ಜೊತೆ ಒಳಗೆ ಕೊಟ್ಟೆ. ನಾಲ್ಕನೆಯದನ್ನು ನಾನೇ ಹಾಕಿಕೊಂಡೆ.