ಬಿಸಿಲು ತಾಗಿಸಬಾರದು

ಔಷಧದ ಸೀಸೆಗೆ ಚೀಟಿ ಅಂಟಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹೊನ್ನಾಳಿಯಿಂದ ಜಗಳೂರಿನವರೆಗೆ ಯಾರೂ ಇರಲಿಲ್ಲವೆಂದು ಜಂಬದಿಂದಲೇ ಹೇಳಬಲ್ಲೆ. ಬೇರೆ ಯಾವ ವಿದ್ಯೆಯ ಬಗ್ಗೆಯೂ ಈ ಧೈರ್ಯ ನನಗಿಲ್ಲ. ದವಾಖಾನೆಯ ಕಂಪೌಂಡರ್ ಎಂದರೆ ಡಾಕ್ಟರು ಹೇಳಿದ್ದನ್ನು ಕಲಸುವವನು, ಕಲಸಿದ್ದಕ್ಕೆ ಗೋಂದು ಬಳಿದ ಚೀಟಿ ಹಚ್ಚುವವನು. ಬಿಡುವಾದಾಗ ಒಂದೇ ಒಕ್ಕಣೆಯ ಚೀಟಿಗಳನ್ನು ಕಂತೆಗಟ್ಟಲೆ ಬರೆದಿಡುತ್ತಿದ್ದೆ: 'ಬಿಸಿಲು ತಾಗಿಸಬಾರದು.' ಬಿಡುವು ನನಗೆ ಯಾವಾಗಲೂ ಇತ್ತು.

ಯುದ್ಧದ ವರ್ಷಗಳಲ್ಲಿ, ಮಡದಿ ತೀರಿಕೊಂಡ ಮರುವರ್ಷ, ನನಗೆ ಜಗಳೂರಿಗೆ ವರ್ಗವಾಯಿತು. ಹೊಳೆದಂಡೆಯ ಹೊನ್ನಾಳಿಯಲ್ಲಿ ಬೆಳೆದವನಿಗೆ ಅಲ್ಲಿಯ ಬಿಸಿಲೂ ಅಪರಿಚಿತ, ಜನರೂ ಅಪರಿಚಿತರು. ನನ್ನ ಪಾಲಿಗೆ ಆ ಊರಿನಲ್ಲಿದ್ದ ಒಬ್ಬರೇ ಮನುಷ್ಯರೆಂದರೆ ಹಾಸಿಗೆ ಹೊಲಿಯುವ ಇಮಾಮ್ ಸಾಬರು. ಬಯಲಲ್ಲಿ ಹತ್ತಿ ಒಣಹಾಕಿ, ಮಧ್ಯಾಹ್ನ ದವಾಖಾನೆಯ ಜಗಲಿಗೆ ಬಂದು ಕೂತು, ನನ್ನ ಗೊಣಗಾಟವನ್ನೆಲ್ಲ ಕೇಳಿ, "ಹೋಗ್ಲಿ ಬಿಡ್ರೀ ಸ್ವಾಮಿ" ಎಂದು ನಕ್ಕು ಎದ್ದುಹೋಗುತ್ತಿದ್ದರು.

ಬಯಲಲ್ಲೇ ಇದ್ದು ಇದ್ದು ಅವರ ಮುಖ ಸುಟ್ಟು ಸಿಪ್ಪೆ ಏಳತೊಡಗಿತು. ಡಾಕ್ಟರು ಯಾವುದೋ ಪತ್ರಿಕೆ ಓದಿಕೊಂಡು, ಹೊಟ್ಟೆಯ ಕಾಯಿಲೆಗೆ ಕೊಡುತ್ತಿದ್ದ ಸಲೋಲ್ ಎಂಬ ಬಿಳಿ ಪುಡಿಯನ್ನು ಕುರಿಯುಣ್ಣೆಯ ಜಿಡ್ಡಿನಲ್ಲಿ ನನ್ನಿಂದ ಅರೆಸಿ, ಬಿಸಿಲಿಗೆ ಹೋಗುವ ಮುಂಚೆ ಮುಖಕ್ಕೆ ಹಚ್ಚುವ ಮುಲಾಮು ಮಾಡಿಸಿದರು. ಚರ್ಮ ಸುಡುವುದು ಕಾಣುವ ಬೆಳಕಲ್ಲವಂತೆ, ಅದರ ಜೊತೆಗೇ ಬರುವ ಕಾಣದ ಕಿರಣವಂತೆ. ಪುಡಿಯ ಅಣುಗಳು ಆ ಕಿರಣವನ್ನು ನುಂಗಿ, ಕ್ಷಣಮಾತ್ರ ತತ್ತರಿಸಿ, ಅದನ್ನೇ ಗೊತ್ತಾಗದಷ್ಟು ಅಲ್ಪವಾದ ಶಾಖವಾಗಿ ಹೊರಬಿಟ್ಟು, ಮೊದಲಿನಂತಾಗಿ ಮುಂದಿನ ಕಿರಣಕ್ಕೆ ಸಿದ್ಧವಾಗುತ್ತವಂತೆ. ನಾನು ಹುಬ್ಬು ಹಾರಿಸಿದ್ದಕ್ಕೆ ಚಳಿಜ್ವರದ ಕ್ವಿನೈನ್ ಸೀಸೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದರು. ನೀರಿನಂಥ ಔಷಧದ ಅಂಚಿನಲ್ಲಿ ತಿಳಿನೀಲಿ ಹೊಳಪು! ಅದೂ ಕಾಣದ ಕಿರಣವನ್ನೇ ನುಂಗುತ್ತದೆ, ನುಂಗಿದ್ದರಲ್ಲಿ ಒಂದಿಷ್ಟನ್ನು ಕಾಣುವ ಬೆಳಕಾಗಿ ಹಿಂದಿರುಗಿಸುತ್ತದೆ. ಮುಲಾಮು ಮಾತ್ರ ಬೆವರಿಗೆ ಅಳಿಯುತ್ತದೆ, ಬಿಸಿಲಿಗೆ ಸವೆಯುತ್ತದೆ. ಮತ್ತೆ ಮತ್ತೆ ಹಚ್ಚಬೇಕು.

ಡಬ್ಬಿ ತುಂಬಿ, ಕೈರೂಢಿಯಂತೆ ನನ್ನ ಚೀಟಿ ಅಂಟಿಸಿ ಸಾಬರಿಗೆ ಕೊಟ್ಟೆ. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಬೀಡಿಯ ಹೊಗೆಗೆ ನಾನು ಸಿಡುಕಿದ್ದು ನೆನಪಾಯಿತು, ಮುನಿಸಿಕೊಂಡರೆಂದುಕೊಂಡೆ. ಅವರ ಮನೆ ಎರಡೇ ಓಣಿ ಆಚೆ. ಆದರೂ ಹೋಗಲಿಲ್ಲ, ಅವರೇ ಬರಲಿ ಎಂಬ ಬಿಂಕ. ನನ್ನ ಕಹಿಯನ್ನೆಲ್ಲ ನುಂಗಿ ನಗೆಯಾಗಿ ಬಿಡುತ್ತಿದ್ದವರು ಯಾರೆಂದು ಆ ಖಾಲಿ ಜಗಲಿ ನೋಡುವಾಗಲೇ ನನಗೆ ತಿಳಿದದ್ದು. ನೀವು ನಗಬಹುದು, ಆದರೆ ನನಗೆ ಅಳು ಬರುತ್ತಿತ್ತು.

ಹದಿನಾರನೆಯ ದಿನ ಬಿಂಕ ಸೋತಿತು. ಹೋಗಿ ನೋಡಿದರೆ ಬಯಲಲ್ಲಿ ಹತ್ತಿ ಹರವುತ್ತಿದ್ದವರು ಅವರ ಹೆಂಡತಿ. ಸಾಬರು ಮುಖದ ತುಂಬ ಮುಲಾಮು ಬಳಿದುಕೊಂಡು ಒಳಗಿನ ಕತ್ತಲೆ ಕೋಣೆಯಲ್ಲಿ ಕೂತಿದ್ದರು.

"ಏನ್ರೀ ಸಾಬ್ರೇ, ಬರೋದೇ ಬಿಟ್ರಲ್ಲ?"

"ಹೆಂಗ್ ಬರಾಕೆ ಆಗ್ತೈತ್ರೀ? ಬಿಸಿಲು ತಾಗಿಸಬಾರ್ದು ಅಂತ ನೀವೇ ಬರೆದೀರಿ. ಮೇಷ್ಟ್ರ ಹತ್ರ ಎರಡು ಸಲ ಓದಿಸೀನಿ. ಡಬ್ಬಿ ಒಳಗಿದ್ರೂ ಔಷಧನೇ, ಮುಖದ ಮ್ಯಾಲಿದ್ರೂ ಔಷಧನೇ ಅಲ್ಲೇನ್ರೀ?" ಎಂದ ಸಾಬರು ಬಾಗಿಲ ಕಡೆ ತಿರುಗಿ, "ನೀವಾದ್ರೂ ಬರ್ತೀರಿ ಅಂತ ದಿನಾ ಬಾಗ್ಲು ನೋಡಿದೆ" ಎಂದರು.

ನಗಬೇಕಿತ್ತು, ನಗು ಬರಲಿಲ್ಲ. ಬಿಸಿಲಿಗೆಂದೇ ಅರೆದ ಮುಲಾಮು ಕತ್ತಲೆಯಲ್ಲಿ ಏನನ್ನು ತಾನೇ ನುಂಗೀತು? ಸಾಬರು ಒಳಗೆ ಕೂತದ್ದಕ್ಕೆ ನನ್ನ ಚೀಟಿಯಾದರೂ ಕಾರಣವಿತ್ತು. ಎರಡು ಓಣಿ ದಾಟದೆ ಕೂತ ನನಗೆ ಯಾರು ಬರೆದುಕೊಟ್ಟಿದ್ದರು? ಅಂದು ಇಬ್ಬರೂ ನಡುಮಧ್ಯಾಹ್ನದ ಬಿಸಿಲಲ್ಲಿ ದವಾಖಾನೆಯ ಜಗಲಿಯವರೆಗೆ ನಡೆದೆವು.

ಮತ್ತೆ ವರ್ಗವಾಗಿ ಈಗ ಚನ್ನಗಿರಿಯಲ್ಲಿದ್ದೇನೆ. ಇಲ್ಲಿಯ ಜಗಲಿಯಲ್ಲಿ ಸಾಬರಿಲ್ಲ. ದವಾಖಾನೆ ಮುಚ್ಚಿದರೆ ಮನೆ, ಮನೆಯಲ್ಲಿ ನಾನೊಬ್ಬನೇ. ಚೀಟಿ ಬರೆಯುವುದು ತಪ್ಪಿಲ್ಲ, ಆದರೆ ಆ ಮುಲಾಮಿನ ಡಬ್ಬಿಗಳಿಗೆ ಒಕ್ಕಣೆ ಬೇರೆ: 'ಹಚ್ಚಿಕೊಂಡು ಹೊರಗೆ ಹೋಗಿ.' ಮೊನ್ನೆ ಡಬ್ಬಿಗಳು ಮುಗಿದು ಒಂದು ಚೀಟಿ ಉಳಿಯಿತು. ಗೋಂದು ಆಗಲೇ ಬಳಿದಾಗಿತ್ತು. ಮನೆಗೆ ತಂದು ನನ್ನ ಬಾಗಿಲಿನ ಒಳಬದಿಗೆ, ಅಗುಳಿಯ ಪಕ್ಕದಲ್ಲಿ ಅಂಟಿಸಿದೆ.